ಟಿಪ್ಪುವಿನ ಜೋಡಿ ಪಿಸ್ತೂಲು: ಇಷ್ಟು ಬೆಲೆ ಯಾವುದಕ್ಕೆ?



2025ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಸೋಥಬೀಸ್ ಹರಾಜಿನಲ್ಲಿ ಟಿಪ್ಪು ಸುಲ್ತಾನನಿಗಾಗಿ ಮಾಡಿದ ಬೆಳ್ಳಿ ಕೆಲಸದ ಒಂದು ಜೊತೆ ಪಿಸ್ತೂಲು ಸುಮಾರು 11 ಲಕ್ಷ ಪೌಂಡಿಗೆ ಮಾರಾಟವಾಯಿತು. ನಮ್ಮ ಲೆಕ್ಕದಲ್ಲಿ 12 ಕೋಟಿ ರೂಪಾಯಿಗೂ ಮಿಕ್ಕಿದ ಹಣ. ಬೇಟೆಗೂ ಬಾರದ, ಕಾವಲಿಗೂ ಬಾರದ, ಗುಂಡು ಹಾರಿಸಲೂ ಯಾರೂ ಮುಂದಾಗದ ಎರಡು ಹಳೆಯ ಪಿಸ್ತೂಲಿಗೆ ಇಷ್ಟು ಹಣ ಯಾಕೆ ಎಂಬ ಪ್ರಶ್ನೆ ಏಳುವುದು ಸಹಜ. ಇದಕ್ಕೆ ಉತ್ತರ ಟಿಪ್ಪುವಿನ ಜೀವನದಲ್ಲೇ ಇದೆ. ಅವನ ಬಗ್ಗೆ ಪರ ವಿರೋಧದ ಮಾತು ಬಹಳ. ಆ ವಾದವನ್ನು ಬದಿಗಿಟ್ಟು ನಾವು ಇಲ್ಲಿ ಅವನ ಬದುಕನ್ನು ಬಂದೂಕಿನ ಕಡೆಯಿಂದ ಮಾತ್ರ ನೋಡುತ್ತೇವೆ.

ಟಿಪ್ಪು ಹುಟ್ಟಿದ್ದು 1750ರ ಸುಮಾರಿಗೆ, ಇಂದಿನ ಬೆಂಗಳೂರಿನ ಹತ್ತಿರದ ದೇವನಹಳ್ಳಿಯಲ್ಲಿ. ಆರ್ಕಾಟಿನ ಸಂತ ಟಿಪ್ಪು ಮಸ್ತಾನ್ ಔಲಿಯಾ ಅವರ ಹೆಸರನ್ನೇ ಮಗನಿಗೆ ಇಟ್ಟರು. ತಂದೆ ಹೈದರಾಲಿ ಸಿಪಾಯಿಗಿರಿಯಿಂದ ಮೇಲೆ ಬಂದು ಮೈಸೂರಿನ ಅಧಿಕಾರ ಹಿಡಿದವನು, ಓದು ಬರಹ ಬಾರದವನು. ಮಗನಿಗೆ ಮಾತ್ರ ವಿದ್ಯೆಯನ್ನೂ ಕೊಡಿಸಿದ, ಯುದ್ಧವನ್ನೂ ಕಲಿಸಿದ. 1767ರಲ್ಲಿ ಇಂಗ್ಲಿಷರ ಮೇಲೆ ಮೊದಲ ಯುದ್ಧ ಶುರುವಾದಾಗ ಟಿಪ್ಪುವಿಗೆ ಇನ್ನೂ ಹದಿನೇಳರ ಆಸುಪಾಸು. ಆಗಲೇ ಕುದುರೆ ದಂಡು ಕಟ್ಟಿಕೊಂಡು ಮದರಾಸಿನ ಅಂಚಿನವರೆಗೆ ಹೋಗಿ ಬಂದ. 1780ರ ಸೆಪ್ಟೆಂಬರ್‌ನಲ್ಲಿ ಕಂಚಿಯ ಸಮೀಪ ಪೊಲ್ಲಿಲೂರಿನಲ್ಲಿ ತಂದೆ ಮಕ್ಕಳು ಸೇರಿ ಕರ್ನಲ್ ಬೈಲಿಯ ಸೈನ್ಯವನ್ನು ಮುರಿದರು. ಆ ಕಾಳಗದಲ್ಲಿ ಮೈಸೂರಿನ ರಾಕೆಟ್ಟುಗಳೂ ಕೆಲಸ ಮಾಡಿದವು. ಒಳ್ಳೆಯ ಆಯುಧ ಇದ್ದವನ ಮಾತು ನಡೆಯುತ್ತದೆ ಎಂಬುದನ್ನು ಟಿಪ್ಪು ಚಿಕ್ಕ ವಯಸ್ಸಿನಲ್ಲೇ ಕಣ್ಣಾರೆ ಕಂಡ.

1782ರ ಡಿಸೆಂಬರ್‌ನಲ್ಲಿ ಹೈದರಾಲಿ ತೀರಿಕೊಂಡ ಮೇಲೆ ಅಧಿಕಾರ ಟಿಪ್ಪುವಿನ ಕೈಗೆ ಬಂತು. 1784ರ ಮಂಗಳೂರು ಒಪ್ಪಂದದಿಂದ ಎರಡನೆಯ ಯುದ್ಧ ಮುಗಿಯಿತು. ಅಲ್ಲಿಂದ ಮುಂದೆ ಅವನ ತಲೆಯಲ್ಲಿ ಇದ್ದದ್ದು ಕಾರಖಾನೆಗಳ ವಿಚಾರ. ಯುರೋಪಿನವರು ಮಾಡಿ ಮಾರುವ ಬಂದೂಕನ್ನು ಕೊಂಡುಕೊಳ್ಳುವುದು ಒಂದು ದಾರಿ. ನಮ್ಮಲ್ಲೇ ಅದಕ್ಕೆ ಸರಿಸಮನಾಗಿ ಮಾಡುವುದು ಇನ್ನೊಂದು. ಕೊಳ್ಳುವವನು ಮಾರುವವನ ಕೈಯಲ್ಲಿ ಇರಬೇಕಾಗುತ್ತದೆ. ಟಿಪ್ಪು ಎರಡನೆಯ ದಾರಿ ಹಿಡಿದ. ಶ್ರೀರಂಗಪಟ್ಟಣದಲ್ಲೂ ಮಲೆನಾಡಿನ ನಗರದಲ್ಲೂ ಬಂದೂಕಿನ ಕೆಲಸ ನಡೆಯಿತು. 1787ರಲ್ಲಿ ಫ್ರಾನ್ಸಿಗೆ ಹೊರಟ ಅವನ ರಾಯಭಾರಿಗಳು ಮರುವರ್ಷ ದೊರೆ 16ನೇ ಲೂಯಿಯನ್ನು ಕಂಡರು. ಅವರು ಕೇಳಿದ್ದು ಸೈನ್ಯದ ಸಹಾಯವನ್ನು ಮಾತ್ರವಲ್ಲ, ಕುಶಲಕರ್ಮಿಗಳನ್ನೂ ಕೇಳಿದರು. ಕೆಲವರು ಬಂದರು ಕೂಡ.

ಈ ಕಾರಖಾನೆಗಳಲ್ಲಿ ಸುಲ್ತಾನನ ಸ್ವಂತ ಬಳಕೆಗೆಂದು ಆದ ಬಂದೂಕು, ಪಿಸ್ತೂಲುಗಳೇ ಇಂದು ಹರಾಜಿಗೆ ಬರುವಂಥವು. ಆಗ ಹಿಂದೂಸ್ತಾನದ ಬಹುಪಾಲು ಬಂದೂಕುಗಳು ಬತ್ತಿಯಿಂದ ಹೊತ್ತುವಂಥವು. ಟಿಪ್ಪುವಿನವು ಯುರೋಪಿನ ಮಾದರಿಯ ಚಕಮಕಿ ಬಂದೂಕುಗಳು. ಕುದುರೆ ಎಳೆದರೆ ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರುತ್ತದೆ, ಕಿಡಿ ಮದ್ದಿಗೆ ತಾಗುತ್ತದೆ, ಗುಂಡು ಹೊರಡುತ್ತದೆ. ಯಂತ್ರ ಯುರೋಪಿನದಾದರೂ ಮೈ ಇಲ್ಲಿಯದು. ನಳಿಗೆಯ ಬಾಯಿ ಹುಲಿಯ ಮುಖ. ಮೈಮೇಲೆಲ್ಲ ಹುಲಿಪಟ್ಟೆ, ಅದಕ್ಕೆ ಬಬ್ರಿ ಎಂದು ಹೆಸರು. ಆ ಪಟ್ಟೆಗಳನ್ನೇ ಹೆಣೆದು ಹೈದರ್ ಎಂಬ ಅಕ್ಷರದ ಮುದ್ರೆ. ಟಿಪ್ಪುವೇ ಜಾರಿಗೆ ತಂದ ಮೌಲೂದಿ ಶಕದ ವರ್ಷ, ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಕೆಲವದರ ಮೇಲೆ ಅಸದ್ ಖಾನ್ ಮುಹಮ್ಮದ್‌ನಂಥ ಕೆಲಸಗಾರನ ಹೆಸರೂ ಇದೆ. ಒಂದು ಪಿಸ್ತೂಲಿನಲ್ಲಿ ಒಂದೇ ಗುಂಡು, ಆದ್ದರಿಂದ ಜೊತೆ ಬೇಕು. ಟಿಪ್ಪುವಿನ ಜೊತೆಗಳಲ್ಲಿ ಒಂದಕ್ಕೆ ಯಂತ್ರ ಬಲಕ್ಕಿದ್ದರೆ ಇನ್ನೊಂದಕ್ಕೆ ಎಡಕ್ಕೆ ಇರುವುದುಂಟು. ಎಡಗೈಯ ಯಂತ್ರಕ್ಕೆ ಎಲ್ಲ ಭಾಗಗಳನ್ನೂ ತಿರುವುಮುರುವಾಗಿ ಹೊಸದಾಗಿ ಮಾಡಬೇಕು.

ನಮ್ಮ ಸೀಮೆಗೂ ಈ ಕಥೆಗೂ ನಂಟಿದೆ. 1785ರಿಂದ 1787ರವರೆಗೆ ಮರಾಠರೂ ನಿಜಾಮರೂ ಒಂದಾಗಿ ಟಿಪ್ಪುವಿನ ಮೇಲೆ ನಿಂತರು. 1786ರಲ್ಲಿ ಟಿಪ್ಪು ಆದೋನಿ ಕೋಟೆಗೆ ಮುತ್ತಿಗೆ ಹಾಕಿದ. ಗದ್ವಾಲದಿಂದ ತುಂಗಭದ್ರೆ ದಾಟಿದರೆ ಆ ಸೀಮೆಯೇ. ಕೋಟೆಯಲ್ಲಿದ್ದವನು ನಿಜಾಮರ ಮನೆತನದ ಮಹಾಬತ್ ಜಂಗ್. ಸಹಾಯಕ್ಕೆ ಬಂದ ದಂಡು ಮನೆಯ ಹೆಂಗಸರು ಮಕ್ಕಳನ್ನು ರಾಯಚೂರಿಗೆ ಸಾಗಿಸಿತು, ಊರನ್ನು ಬಿಟ್ಟುಕೊಟ್ಟಿತು. ಟಿಪ್ಪು ಕೋಟೆಯನ್ನು ಕೆಡವಿಸಿದ. 1787ರ ಗಜೇಂದ್ರಗಡದ ಒಪ್ಪಂದದಲ್ಲಿ ಆದೋನಿ ಮತ್ತೆ ನಿಜಾಮರಿಗೆ ಹೋಯಿತು. ನಮ್ಮ ಊರುಗಳ ದೊರೆಗಳು ಅಂದು ಎದುರು ಪಾಳಯದವರು ಎಂಬುದನ್ನು ನಾವು ನೆನಪಿಡಬೇಕು. ಗಡಿಯಲ್ಲಿ ಇರುವವರಿಗೆ ಇತಿಹಾಸ ಯಾವಾಗಲೂ ಎರಡೂ ಕಡೆಯಿಂದ ಕಾಣುತ್ತದೆ.

1790ರಲ್ಲಿ ಮೂರನೆಯ ಯುದ್ಧ ಬಂತು. ಇಂಗ್ಲಿಷರು, ಮರಾಠರು, ನಿಜಾಮರು ಮೂವರೂ ಕೂಡಿದರು. 1792ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಕಳೆದುಕೊಂಡ, 3 ಕೋಟಿ 30 ಲಕ್ಷ ರೂಪಾಯಿ ದಂಡಕ್ಕೆ ಒಪ್ಪಿದ, ಇಬ್ಬರು ಗಂಡುಮಕ್ಕಳನ್ನು ಒತ್ತೆಯಿಟ್ಟ. ಆ ಕಷ್ಟದಲ್ಲೂ ಕಾರಖಾನೆ ನಿಲ್ಲಲಿಲ್ಲ. ಇಂದು ಉಳಿದಿರುವ ಉತ್ತಮ ಬಂದೂಕುಗಳಲ್ಲಿ ಈ ಸೋಲಿನ ನಂತರದ ವರ್ಷಗಳವೂ ಇವೆ.

1799ರ ಮೇ 4ರ ಮಧ್ಯಾಹ್ನ ಶ್ರೀರಂಗಪಟ್ಟಣದ ಕೋಟೆಗೆ ಇಂಗ್ಲಿಷರು ನುಗ್ಗಿದರು. ಊಟಕ್ಕೆ ಕುಳಿತಿದ್ದ ಟಿಪ್ಪು ಎದ್ದು ಉತ್ತರದ ಗೋಡೆಯ ಕಡೆ ಹೋದ. ಚಾಕರರು ಮದ್ದು ತುಂಬಿ ಕೊಟ್ಟ ಬೇಟೆ ಬಂದೂಕುಗಳನ್ನು ಒಂದರ ಹಿಂದೆ ಒಂದು ಹಾರಿಸಿದ. ಬಂದೂಕು ಎಷ್ಟೇ ಉತ್ತಮವಾದರೂ ಬಿದ್ದ ಗೋಡೆಯನ್ನು ಎಬ್ಬಿಸಲಾರದು. ಸಂಜೆ ನೀರಿನ ಬಾಗಿಲ ಹತ್ತಿರ ಹೆಣಗಳ ರಾಶಿಯಲ್ಲಿ ಅವನ ದೇಹ ಸಿಕ್ಕಿತು. ಮರುದಿನ ಗುಂಬಜಿನಲ್ಲಿ ತಂದೆಯ ಪಕ್ಕದಲ್ಲಿ ಮಣ್ಣು ಮಾಡಿದರು. ಅರಮನೆಯ ಸೊತ್ತು ಲೂಟಿಯಾಯಿತು, ಉಳಿದದ್ದನ್ನು ಗೆದ್ದವರು ಪಾಲು ಹಾಕಿಕೊಂಡರು. ಸಿಂಹಾಸನವನ್ನು ಒಡೆದು ಹಂಚಿದರು. ಬಂದೂಕು, ಪಿಸ್ತೂಲುಗಳು ಅಧಿಕಾರಿಗಳ ಪೆಟ್ಟಿಗೆ ಸೇರಿ ಸಮುದ್ರ ದಾಟಿದವು.

ಈಗ ಬೆಲೆಯ ಪ್ರಶ್ನೆಗೆ ಬರೋಣ. ಟಿಪ್ಪು ಆಳಿದ್ದು ಹದಿನಾರು ವರ್ಷ. ಆ ಕಾರಖಾನೆಯ ಮಾಲು ಇನ್ನು ಹೆಚ್ಚಲಾರದು. ಸುಲ್ತಾನನ ಮುದ್ರೆ, ವರ್ಷ, ಊರು ಎಲ್ಲವೂ ಲೋಹದ ಮೇಲೇ ಬರೆದಿವೆ. ಯಾವ ಅಧಿಕಾರಿಯ ಮನೆಯಿಂದ ಯಾರ ಕೈಗೆ ಬಂತು ಎಂಬ ಲೆಕ್ಕವೂ ಇದ್ದರೆ ಬೆಲೆ ಏರುತ್ತದೆ. ಇದು ನಮಗೆ ಹೊಸ ವಿಚಾರವಲ್ಲ. ಗದ್ವಾಲ ಸೀರೆ ಕೊಳ್ಳುವ ಹೆಂಗಸರು ಹತ್ತಿಯ ಒಡಲಿಗೆ ರೇಷ್ಮೆಯ ಅಂಚನ್ನು ಮಗ್ಗದಲ್ಲೇ ಹೆಣೆದು ಕೂಡಿಸಿದ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡುತ್ತಾರೆ. ಕೆಲಸ ಬಲ್ಲವರಿಗೆ ಬೆಲೆ ತಿಳಿಯುತ್ತದೆ. ಇಂಗ್ಲೆಂಡಿನ ರಾಬಿನ್ ವಿಗಿಂಗ್ಟನ್ ಅಂಥ ಹವ್ಯಾಸಿ. ಟಿಪ್ಪುವಿನ ಆಯುಧಗಳನ್ನು ಕೂಡಿಸಿದ, ಮುದ್ರೆಗಳನ್ನು ಓದಲು ಕಲಿತ, 1992ರಲ್ಲಿ ಅವುಗಳ ಮೇಲೆ ದೊಡ್ಡ ಪುಸ್ತಕವನ್ನೇ ಬರೆದ. 2015ರಲ್ಲಿ ಅವನ ಸಂಗ್ರಹ ಬೊನ್ಹ್ಯಾಮ್ಸ್ ಹರಾಜಿನಲ್ಲಿ 60 ಲಕ್ಷ ಪೌಂಡಿಗೂ ಹೆಚ್ಚಿಗೆ ಹೋಯಿತು. ಎಲ್ಲರೂ ಹೀಗೆ ಓದಿ ಕೊಳ್ಳುವುದಿಲ್ಲ. ದೊರೆ ಮುಟ್ಟಿದ ವಸ್ತು ನನ್ನ ಮನೆಯಲ್ಲಿದೆ ಎಂಬ ಹೆಮ್ಮೆಗೆ ಕೊಳ್ಳುವವರಿದ್ದಾರೆ, ಮುಂದೆ ಬೆಲೆ ಏರುತ್ತದೆಂದು ಕೊಳ್ಳುವವರೂ ಇದ್ದಾರೆ.

ಆದರೆ ಟಿಪ್ಪು ಹಣ ಸುರಿದದ್ದು ಬೇರೆ ಕಾರಣಕ್ಕೆ. ಆ ಪಿಸ್ತೂಲು ಅವನಿಗೆ ಶೋಕಿಯೂ ಹೌದು, ನಮ್ಮ ಕೆಲಸಗಾರರೂ ಇದನ್ನು ಮಾಡಬಲ್ಲರು ಎಂಬುದಕ್ಕೆ ಸಾಕ್ಷಿಯೂ ಹೌದು. ಹರಾಜಿನಲ್ಲಿ ದೊರೆಯ ಹೆಸರಿಗೆ ಬೆಲೆ ಸಿಗುತ್ತದೆ. ಕೆಲಸ ಕಲಿತು ಮಾಡಿದ ಕೈಗಳ ಪಾಲು ಆ ಬೆಲೆಯಲ್ಲಿ ಎಷ್ಟು ಎಂದು ಯಾರೂ ಕೇಳುವುದಿಲ್ಲ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ಬಿದನೂರು ನಗರದ ಹಾಳು ಬಾವಿಯಲ್ಲಿ ಸುಮಾರು ಸಾವಿರ ರಾಕೆಟ್ಟುಗಳು ಸಿಕ್ಕವು. ಬೆಳ್ಳಿ ಇಲ್ಲ, ಹುಲಿಮುಖ ಇಲ್ಲ, ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು. ಇಂಗ್ಲಿಷರನ್ನು ಬೆದರಿಸಿದ್ದು, ಆಮೇಲೆ ಅವರೇ ನೋಡಿ ಕಲಿತದ್ದು ಇಂಥ ರಾಕೆಟ್ಟುಗಳನ್ನು. ಜೋಡಿ ಪಿಸ್ತೂಲಿನ ಬೆಲೆ ಕೇಳಿ ಬೆರಗಾಗುವ ನಾವು ಈ ಕೊಳವೆಗಳ ಬೆಲೆಯನ್ನೂ ತಿಳಿಯಬೇಕು.

ಕೊನೆಗೆ ಸದಸ್ಯರಲ್ಲಿ ಒಂದು ವಿನಂತಿ. ನಮ್ಮ ಕಡೆಯ ಹಳೆಯ ವಾಡೆಗಳಲ್ಲಿ, ಗಡಿಗಳಲ್ಲಿ ಹಳೆಯ ಕತ್ತಿ, ಬಂದೂಕು, ಮದ್ದಿನ ಬುರುಡೆ ಇದ್ದರೆ ಗುಜರಿಗೆ ಹಾಕಬೇಡಿ. ಹೊಳಪು ಬರಲೆಂದು ತಿಕ್ಕಬೇಡಿ, ತಿಕ್ಕಿದರೆ ಅಕ್ಷರ ಅಳಿಯುತ್ತದೆ. ನೂರು ವರ್ಷ ಮೀರಿದ ಇಂಥ ವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸಲು 1972ರ ಕಾಯ್ದೆ ಬಿಡುವುದಿಲ್ಲ. ಮನೆಯ ಹಿರಿಯರನ್ನು ಕೇಳಿ, ಅದು ಎಲ್ಲಿಂದ ಬಂತು, ಯಾರು ಮಾಡಿದರು ಎಂಬುದನ್ನು ಕನ್ನಡದಲ್ಲಿ ಬರೆದು ನಮಗೆ ಕಳುಹಿಸಿ. ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸುತ್ತೇವೆ.