ಮರಿಯಾ ತೆರೇಸಾ: ಸಾಮ್ರಾಜ್ಞಿಯೊಳಗಿನ ತಾಯಿ

ಮುಂಬಯಿಯ ಟಂಕಸಾಲೆಯಲ್ಲಿ 1940-41ರಲ್ಲಿ ಅಚ್ಚಾದ ಬೆಳ್ಳಿಯ ನಾಣ್ಯವೊಂದರ ಮೇಲೆ 1780 ಎಂಬ ಇಸವಿ ಇದೆ. ಬ್ಯಾಂಕಿನಲ್ಲಿ ಆಯುಷ್ಯ ಸವೆಸಿದ ನನ್ನಂಥವನಿಗೆ ಇದು ಸೋಜಿಗವೇ. ಕೆಂಪು ಸಮುದ್ರದ ಸುತ್ತಣ ನಾಡುಗಳಲ್ಲಿ ಜನರ ನಂಬಿಕೆ ಗಳಿಸಿದ್ದ ಹಳೆಯ ನಾಣ್ಯವನ್ನು, ಅದೇ ಇಸವಿಯೊಡನೆ, ಯುದ್ಧಕಾಲದಲ್ಲಿ ಬ್ರಿಟಿಷರು ಇಲ್ಲಿ ಅಚ್ಚು ಹಾಕಿಸಿದ್ದರು. ಅದರ ಮೇಲಿರುವ ಮುಸುಕು ಹೊದ್ದ ವಿಧವೆ ಆಸ್ಟ್ರಿಯಾದ ಮರಿಯಾ ತೆರೇಸಾ.

1717ರ ಮೇ 13ರಂದು ವಿಯೆನ್ನಾದಲ್ಲಿ ಜನಿಸಿದ ಆಕೆ, 1740ರಲ್ಲಿ ತಂದೆ ತೀರಿಕೊಂಡಾಗ 23ರ ಹರೆಯದಲ್ಲಿ ಸಿಂಹಾಸನವೇರಿದಳು. ಆಕೆಯ ಯುದ್ಧಗಳ ಕಥೆ ಚರಿತ್ರೆಯ ಪುಸ್ತಕಗಳಲ್ಲಿ ಧಾರಾಳವಾಗಿದೆ. ಹೆತ್ತದ್ದು 16 ಮಕ್ಕಳನ್ನು. ಪ್ರಾಯಕ್ಕೆ ಬಂದವರು 10 ಮಂದಿ. ಕಥೋಲಿಕ ಶ್ರದ್ಧೆ ಆಕೆಯ ಉಸಿರಾಗಿತ್ತು. ಆ ಶ್ರದ್ಧೆಗೆ ಕಠೋರ ಮುಖವೂ ಇತ್ತೆಂಬುದನ್ನು ಮರೆಮಾಚಲಾಗದು. 1744ರಲ್ಲಿ ಪ್ರಾಗ್ ನಗರದ ಯಹೂದಿಗಳನ್ನು ಹೊರಗಟ್ಟಲು ಆಜ್ಞೆಯಿತ್ತವಳು ಇವಳೇ.

ಆ ಮನೆತನವನ್ನು ಸಿಡುಬು ಬೆನ್ನಟ್ಟಿತು. 1761ರಲ್ಲಿ ಮಗ ಕಾರ್ಲ್, ಮರುವರ್ಷ ಮಗಳು ಯೊಹಾನ್ನಾ, 1763ರಲ್ಲಿ ಹಿರಿಯ ಸೊಸೆ ತೀರಿಕೊಂಡರು. 1765ರಲ್ಲಿ ಪತಿ ಫ್ರಾನ್ಸಿಸ್ ಹಠಾತ್ತನೆ ಅಗಲಿದ ಬಳಿಕ ಆಕೆ ಶೋಕದ ಕಪ್ಪುಡುಗೆಯನ್ನು ಕೊನೆಯವರೆಗೂ ಕಳಚಲಿಲ್ಲ. 1767ರಲ್ಲಿ ಮಗನ ಎರಡನೆಯ ಹೆಂಡತಿಯೂ ಸಿಡುಬಿಗೆ ಬಲಿಯಾದಳು. ತೆರೇಸಾಳಿಗೂ ರೋಗ ತಗಲಿ, ಅಂತ್ಯ ಸಂಸ್ಕಾರ ಪಡೆದ ಮೇಲೆ ಬದುಕಿಕೊಂಡಳು.

ಅದೇ ಅಕ್ಟೋಬರಿನಲ್ಲಿ 16ರ ಹರೆಯದ ಮಗಳು ಯೊಸೆಫಾ ನೇಪಲ್ಸಿನ ಅರಸನ ವಧುವಾಗಿ ಹೊರಡಬೇಕಿತ್ತು. ಹೊರಡುವ ಮುನ್ನ ಕಪುಚಿನ್ ಇಗರ್ಜಿಯ ನೆಲಮಾಳಿಗೆಯಲ್ಲಿ ಹಿರಿಯರ ಸಮಾಧಿಗಳೆದುರು ತಾಯಿಯೊಡನೆ ಪ್ರಾರ್ಥಿಸಿದಳು. ಸಿಡುಬಿನಿಂದ ಸತ್ತ ಅತ್ತಿಗೆಯ ಶವಪೆಟ್ಟಿಗೆಯೂ ಅಲ್ಲಿತ್ತು. ಎರಡೇ ದಿನಗಳಲ್ಲಿ ಮೈಮೇಲೆ ಗುಳ್ಳೆಗಳೆದ್ದವು. 15ರಂದು ಮಗಳು ಇಲ್ಲವಾದಳು. ಆ ರೋಗ ಮೈಯೊಳಗೆ ಹತ್ತು ಹನ್ನೆರಡು ದಿನ ಅಡಗಿರುವುದೆಂದು ನಾವು ಬಲ್ಲೆವು. ಸೋಂಕು ಮೊದಲೇ ತಗಲಿದ್ದಿರಬೇಕು. ಆ ತಾಯಿಗೆ ಅದು ತಿಳಿಯದು. ಮಗಳನ್ನು ಸಮಾಧಿಗೆ ಕರೆದೊಯ್ದು ಕೊಂದೆನೆಂದೇ ಕೊನೆಯವರೆಗೆ ಕೊರಗಿದಳು.

ಆದರೆ ಬರೀ ಕೊರಗುತ್ತ ಕೂರಲಿಲ್ಲ. ವಿಯೆನ್ನಾದ ಹಿರಿಯ ವೈದ್ಯರ ವಿರೋಧವಿದ್ದರೂ 1768ರಲ್ಲಿ ಡಚ್ ವೈದ್ಯ ಇಂಗೆನ್‌ಹೌಸ್‌ನನ್ನು ಕರೆಸಿ ತನ್ನ ಕಿರಿಯ ಮಕ್ಕಳಿಗೆ ದೇವಿ ಹಾಕಿಸಿದಳು. ಜೆನ್ನರನ ಲಸಿಕೆಗೆ ಇನ್ನೂ 28 ವರ್ಷಗಳಿದ್ದ ಕಾಲವದು. ಸಿಡುಬಿನ ಕೀವನ್ನೇ ಚರ್ಮಕ್ಕೆ ಸೋಕಿಸಬೇಕಿತ್ತು. ಮೊದಲು ಪ್ರಯೋಗಕ್ಕೊಳಗಾದವರು ಬಡವರ ಮಕ್ಕಳೆಂಬುದು ಇಂದು ಮನಸ್ಸಿಗೆ ಕಸಿವಿಸಿಯೇ. ಬಳಿಕ ಶೋನ್‌ಬ್ರುನ್ ಅರಮನೆಯಲ್ಲಿ 65 ಮಕ್ಕಳಿಗೆ ಔತಣವಿತ್ತು, ತಾನೇ ಬಡಿಸಿದಳು.

ಆ ವರ್ಷದ ಫೆಬ್ರವರಿಯಲ್ಲಿ ಫ್ಲಾರೆನ್ಸಿನಲ್ಲಿ ಮೊಮ್ಮಗ ಫ್ರಾನ್ಸಿಸ್ ಹುಟ್ಟಿದನು. ಸುದ್ದಿ ಬಂದೊಡನೆ ಅಜ್ಜಿ ಮನೆಯುಡುಗೆಯಲ್ಲೇ ನಾಟಕಶಾಲೆಗೆ ಧಾವಿಸಿ, ಆಡುಭಾಷೆಯಲ್ಲಿ ಸಭಿಕರಿಗೆ ಕೂಗಿ ಹೇಳಿದಳಂತೆ.

1780ರ ನವೆಂಬರ್ 29ರಂದು ಆಕೆ ತೀರಿಕೊಂಡಳು. ಯೊಸೆಫಾಳನ್ನಿರಿಸಿದ್ದ ಅದೇ ನೆಲಮಾಳಿಗೆಯಲ್ಲಿ, ಪತಿಯ ಪಕ್ಕದಲ್ಲಿ, ಆಕೆಯನ್ನು ಮಲಗಿಸಿದರು.