ದೀಪಧಾರಿಣಿ ಫ್ಲಾರೆನ್ಸ್ ನೈಟಿಂಗೇಲ್



ಈ ಸಲದ ನಮ್ಮ ಗೋಡೆ ಪತ್ರಿಕೆಗೆ ನಾನು ಫ್ಲಾರೆನ್ಸ್ ನೈಟಿಂಗೇಲ್ ಎಂಬ ಮಹಾತಾಯಿಯ ಜೀವನ ಚರಿತ್ರೆ ಬರೆದಿದ್ದೇನೆ. ಇವರು ರಾತ್ರಿ ದೀಪ ಹಿಡಿದು ಗಾಯಾಳುಗಳ ಸೇವೆ ಮಾಡಿದರು ಅಂತ ನಮಗೆಲ್ಲ ಗೊತ್ತು. ಆದರೆ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜ ಅಜ್ಜಿಯರನ್ನು ಹೇಗೆ ನೋಡಿಕೊಳ್ಳಬೇಕು ಅನ್ನೋದನ್ನೂ ಇವರಿಂದ ಕಲಿಯಬಹುದು. ಅದಕ್ಕೇ ಇವರನ್ನು ಆರಿಸಿಕೊಂಡೆ.

ಇವರು 1820ನೇ ಇಸವಿ ಮೇ 12ರಂದು ಇಟಲಿ ದೇಶದ ಫ್ಲಾರೆನ್ಸ್ ನಗರದಲ್ಲಿ ಹುಟ್ಟಿದರು. ಆ ಊರಿನ ಹೆಸರನ್ನೇ ಮಗುವಿಗೆ ಇಟ್ಟರು. ತಂದೆ ತಾಯಿ ಇಂಗ್ಲೆಂಡಿನ ದೊಡ್ಡ ಶ್ರೀಮಂತರು. ಮಗಳಿಗೆ ತಂದೆಯೇ ಪಾಠ ಹೇಳಿಕೊಟ್ಟರು. ಫ್ಲಾರೆನ್ಸ್‌ಗೆ ಲೆಕ್ಕ ಅಂದರೆ ಬಲು ಇಷ್ಟ. ಇವರು ಒಂದು ಗೂಬೆಮರಿಯನ್ನೂ ಸಾಕಿದ್ದರು! ಅದರ ಹೆಸರು ಅಥೀನಾ. ನಮ್ಮ ಕಡೆ ಗೂಬೆ ಕಂಡರೆ ಅಪಶಕುನ ಅಂತಾರೆ, ಇವರು ಅದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದರಂತೆ.

ದಾದಿಯಾಗಬೇಕು ಅಂತ ಇವರಿಗೆ ಆಸೆ. ಆ ಕಾಲದಲ್ಲಿ ದಾದಿ ಕೆಲಸಕ್ಕೆ ಮರ್ಯಾದೆ ಇರಲಿಲ್ಲ. ಮನೆಯವರು ಬಿಲ್‌ಕುಲ್ ಒಪ್ಪಲಿಲ್ಲ. ಆದರೂ ಹಟ ಬಿಡದೆ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್ ಎಂಬಲ್ಲಿಗೆ ಹೋಗಿ ತರಬೇತಿ ಪಡೆದರು.

1854ರಲ್ಲಿ ಕ್ರಿಮಿಯಾ ಯುದ್ಧ ನಡೆಯುತ್ತಿತ್ತು. ಇವರು 38 ಜನ ದಾದಿಯರನ್ನು ಕರೆದುಕೊಂಡು ಟರ್ಕಿ ದೇಶದ ಸ್ಕುಟಾರಿ ಆಸ್ಪತ್ರೆಗೆ ಹೋದರು. ಅಲ್ಲಿ ಎಲ್ಲೆಲ್ಲೂ ಹೊಲಸು. ಚರಂಡಿ ಕಟ್ಟಿಕೊಂಡಿತ್ತು, ಗಾಳಿ ಇಲ್ಲ, ಹೇನು, ಇಲಿ ಬೇರೆ. ಗುಂಡೇಟಿನಿಂದ ಸತ್ತವರಿಗಿಂತ ಕಾಲರಾ, ಆಮಶಂಕೆ, ಜ್ವರದಿಂದ ಸತ್ತ ಸೈನಿಕರೇ ಬಹಳ. ಇವರು ಬಟ್ಟೆ ಒಗೆಸಿದರು, ನೆಲ ಉಜ್ಜಿಸಿದರು, ಒಳ್ಳೆ ಊಟ ಮಾಡಿಸಿದರು. ರಾತ್ರಿ ದೀಪ ಹಿಡಿದು ಒಂದೊಂದು ಹಾಸಿಗೆಯನ್ನೂ ನೋಡಿ ಬರುತ್ತಿದ್ದರು. 1855ರಲ್ಲಿ ಸರ್ಕಾರದ ತಂಡ ಬಂದು ಚರಂಡಿ ತೊಳೆಸಿ ಗಾಳಿ ಆಡುವಂತೆ ಮಾಡಿದ ಮೇಲೆ ಸಾವು ತುಂಬಾ ಕಡಿಮೆಯಾಯಿತು.

ಊರಿಗೆ ಬಂದ ಮೇಲೆ ಇವರು ಸುಮ್ಮನೆ ಕೂರಲಿಲ್ಲ. ಯಾವ ತಿಂಗಳಲ್ಲಿ ಎಷ್ಟು ಜನ, ಯಾವ ಕಾರಣದಿಂದ ಸತ್ತರು ಅಂತ ಲೆಕ್ಕ ಹಾಕಿ, 1858ರಲ್ಲಿ ಬಣ್ಣದ ಚಿತ್ರ ಬರೆದು ದೊಡ್ಡವರಿಗೆ ತೋರಿಸಿದರು. ನಾವು ಗಣಿತದಲ್ಲಿ ಬರೆಯುವ ವೃತ್ತನಕ್ಷೆಯನ್ನು ಅದು ಸ್ವಲ್ಪ ಹೋಲುತ್ತಿತ್ತು.

1859ರಲ್ಲಿ ಶುಶ್ರೂಷೆ ಬಗ್ಗೆ ಪುಸ್ತಕ ಬರೆದರು. ಶುಶ್ರೂಷೆ ಅಂದರೆ ಬರೀ ಔಷಧಿ ಕುಡಿಸೋದಲ್ಲ. ಶುದ್ಧ ಗಾಳಿ, ಶುದ್ಧ ನೀರು, ಒಳ್ಳೆಯ ಚರಂಡಿ, ಚೊಕ್ಕಟತನ, ಬೆಳಕು ಇವು ಐದೂ ಇರಬೇಕು. ಇವು ಸರಿ ಇದ್ದರೆ ದೇಹ ತಾನೇ ಸುಧಾರಿಸಿಕೊಳ್ಳುತ್ತೆ. ಇದು ಅವರ ಸಿದ್ಧಾಂತ. 1860ರಲ್ಲಿ ಜನ ಕೊಟ್ಟ ಹಣದಿಂದ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆ ತೆರೆದರು.

ಆಗ ಇಂಗ್ಲೆಂಡಿನಲ್ಲಿ ದಿಕ್ಕಿಲ್ಲದ ಮುದುಕರನ್ನು, ಬಡ ರೋಗಿಗಳನ್ನು ಬಡವರ ಮನೆ ಎಂಬ ಕಡೆ ಇಡುತ್ತಿದ್ದರು. ಅಲ್ಲಿ ತರಬೇತಿಯಾದ ದಾದಿಯರೇ ಇರಲಿಲ್ಲ. 1865ರಲ್ಲಿ ಇವರ ಶಾಲೆಯಲ್ಲಿ ಕಲಿತ ಆಗ್ನೆಸ್ ಜೋನ್ಸ್ ಅವರು 12 ಜನ ದಾದಿಯರೊಂದಿಗೆ ಲಿವರ್‌ಪೂಲ್ ಊರಿನ ಬಡವರ ಮನೆಗೆ ಹೋದರು. ಮೂರೇ ವರ್ಷದಲ್ಲಿ, 1868ರಲ್ಲಿ, ಜ್ವರ ಬಂದು ಆಗ್ನೆಸ್ ತೀರಿಕೊಂಡರು. ಬಡವರಿಗೂ ಮುದುಕರಿಗೂ ಒಳ್ಳೆ ಶುಶ್ರೂಷೆ ಸಿಗಬೇಕು ಅಂತ ನೈಟಿಂಗೇಲ್ ಅವರು ಬರೆಯುತ್ತಲೇ ಇದ್ದರು. ನಮ್ಮ ದೇಶಕ್ಕೆ ಅವರು ಒಂದು ಸಲವೂ ಬರಲಿಲ್ಲ. ಆದರೂ ಇಲ್ಲಿನ ಕುಡಿಯುವ ನೀರು, ಚರಂಡಿ ಸರಿಯಾಗಬೇಕು ಅಂತ ವರ್ಷಗಟ್ಟಲೆ ಬರೆದರು.

ಅವರೂ ಬಹಳ ವರ್ಷ ಕಾಯಿಲೆಯಿಂದ ಕೋಣೆಯಲ್ಲೇ ಇದ್ದರು. ಮುಪ್ಪಿನಲ್ಲಿ ಕಣ್ಣು ಕಾಣದಾಯಿತು, ಮರೆವು ಬಂತು. ಎಲ್ಲರ ಸೇವೆ ಮಾಡಿದವರಿಗೆ ಬೇರೆಯವರು ಸೇವೆ ಮಾಡಬೇಕಾಯಿತು. 1907ರಲ್ಲಿ ಆರ್ಡರ್ ಆಫ್ ಮೆರಿಟ್ ಗೌರವ ಪಡೆದ ಮೊದಲ ಮಹಿಳೆಯಾದರು. 1910ರ ಆಗಸ್ಟ್ 13ರಂದು, 90ನೇ ವಯಸ್ಸಿನಲ್ಲಿ ನಿಧನರಾದರು.

ನಮ್ಮ ಮನೆಯಲ್ಲೂ ಅಜ್ಜಿ ಬಿದ್ದು ಸೊಂಟ ನೋವಾಗಿ ಹಾಸಿಗೆ ಹಿಡಿದಿದ್ದಾರೆ. ಕಿಟಕಿ ಇಲ್ಲದ ಒಳಕೋಣೆಯಲ್ಲಿ ಮಲಗಿರುತ್ತಿದ್ದರು. ಇದನ್ನು ಓದಿದ ಮೇಲೆ ನಾನು ಅವ್ವನಿಗೆ ಹೇಳಿದೆ. ಇಬ್ಬರೂ ಸೇರಿ ಮಂಚವನ್ನು ಪಡಸಾಲೆ ಕಿಟಕಿ ಹತ್ತಿರ ಹಾಕಿದೆವು. ಅಜ್ಜಿ ಇನ್ನೂ ನಡೆಯೋದಿಲ್ಲ. ಆದರೆ ಬೀದಿಯಲ್ಲಿ ಹೋಗೋರನ್ನು ಕೂಗಿ ಮಾತಾಡಿಸ್ತಾರೆ, ಹಸಿವು ಅಂತ ಕೇಳ್ತಾರೆ. ಎಷ್ಟು ಉಂಡರು, ಎಷ್ಟು ನೀರು ಕುಡಿದರು, ಎಷ್ಟು ಹೊತ್ತು ನಿದ್ದೆ ಮಾಡಿದರು ಅಂತ ನಾನು ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ.

ಗೆಳೆಯರೇ, ನೀವೂ ಮನೆಯಲ್ಲಿ ಇಷ್ಟು ಮಾಡಿ:

1. ಮುದುಕರ ಹಾಸಿಗೆಗೆ ಗಾಳಿ, ಬೆಳಕು ಬರಲಿ. ಆದರೆ ಚಳಿ ಆಗದಂತೆ ಹೊದಿಸಿ.
2. ಒಂದೇ ಮಗ್ಗುಲಲ್ಲಿ ಮಲಗಿದರೆ ಬೆನ್ನು ಹುಣ್ಣಾಗುತ್ತೆ. ದೊಡ್ಡವರ ಸಹಾಯದಿಂದ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಇಂಥ ಹುಣ್ಣು ಬಹಳ ಸಲ ಕಾಯಿಲೆಯಿಂದಲ್ಲ, ನೋಡಿಕೊಳ್ಳುವವರಿಂದ ಆಗುತ್ತೆ ಅಂತ ನೈಟಿಂಗೇಲ್ ಬರೆದಿದ್ದಾರೆ.
3. ಉಣ್ಣದೆ ಬಿಟ್ಟ ತಟ್ಟೆಯನ್ನು ಪಕ್ಕದಲ್ಲೇ ಇಡಬೇಡಿ. ಸ್ವಲ್ಪ ಹೊತ್ತು ಬಿಟ್ಟು ಹೊಸದಾಗಿ, ಸ್ವಲ್ಪವೇ ಕೊಡಿ.
4. ಹಿಂದಿನಿಂದ ಕೂಗಬೇಡಿ. ಎದುರಿಗೆ ಕೂತು ಮಾತಾಡಿಸಿ. ಬಾಗಿಲ ಹೊರಗೆ ಪಿಸುಗುಟ್ಟಬೇಡಿ, ಅದು ಅವರಿಗೆ ಹೆದರಿಕೆ.

ಇದಕ್ಕೆ ದುಡ್ಡು ಬೇಕಾಗಿಲ್ಲ, ಮನಸ್ಸಿದ್ದರೆ ಸಾಕು. ಮೇ 12ರಂದು ಪ್ರಪಂಚದಲ್ಲೆಲ್ಲ ದಾದಿಯರ ದಿನ ಆಚರಿಸುತ್ತಾರೆ. ನಮಗೆ ಆಗ ಬೇಸಿಗೆ ರಜೆ ಇರುತ್ತೆ. ಆ ದಿನ ಎಲ್ಲರೂ ನಿಮ್ಮ ನಿಮ್ಮ ಮನೆಯ ಹಿರಿಯರ ಹತ್ತಿರ ಒಂದು ಗಂಟೆ ಕೂತುಕೊಳ್ಳಿ ಅಂತ ಕೇಳಿಕೊಳ್ಳುತ್ತೇನೆ.


— 7ನೇ ತರಗತಿ ವಿದ್ಯಾರ್ಥಿನಿ