ಮುದಿ ಸರೋವರದ ಲೆಕ್ಕಿಗ

ಹುಲ್ಲನ್ನು ಮಿಡತೆ ತಿನ್ನುತ್ತದೆ. ಮಿಡತೆಯನ್ನು ಕಪ್ಪೆ, ಕಪ್ಪೆಯನ್ನು ಹಾವು. ಈ ಸರಪಣಿಯ ಪ್ರತಿ ಕೊಂಡಿಯಲ್ಲಿಯೂ ಮುಂದಕ್ಕೆ ದಾಟುವ ಶಕ್ತಿ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ ಎಂದು ನಮ್ಮ ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ. ಆ ಸೂತ್ರಕ್ಕೆ ಅಂಟಿಕೊಂಡಿರುವ ಹೆಸರು ರೇಮಂಡ್ ಲಿಂಡೆಮನ್. ಹೆಸರನ್ನು ಬಲ್ಲವರು ಅನೇಕರು. ಅದರ ಹಿಂದಿನ ಬಾಳನ್ನು ಬಲ್ಲವರು ವಿರಳ. ಆತನಿಗೆ 27 ವರ್ಷ ತುಂಬಲಿಲ್ಲ. ತನಗೆ ಕೀರ್ತಿಯನ್ನು ತಂದ ಪ್ರಬಂಧವನ್ನು ಆತನು ಅಚ್ಚಿನಲ್ಲಿ ಕಾಣಲೂ ಇಲ್ಲ.

ಲಿಂಡೆಮನ್ ಹುಟ್ಟಿದುದು 1915ರಲ್ಲಿ, ಅಮೆರಿಕದ ಮಿನ್ನೆಸೋಟ ರಾಜ್ಯದ ಒಕ್ಕಲು ಮನೆತನವೊಂದರಲ್ಲಿ. ಮಿಸೌರಿಯ ಪಾರ್ಕ್ ಕಾಲೇಜಿನಲ್ಲಿ ಓದಿ, 1936ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾನಿಲಯವನ್ನು ಸೇರಿದನು. ಸಂಶೋಧನೆಗಾಗಿ ಆತನು ಆರಿಸಿಕೊಂಡದ್ದು ಹೆಸರಾಂತ ಸರೋವರವನ್ನಲ್ಲ. ಮಿನಿಯಾಪೊಲಿಸ್ ನಗರದ ಉತ್ತರಕ್ಕಿರುವ ಸೀಡರ್ ಬಾಗ್ ಎಂಬುದು ಒಂದು ಮೀಟರಿನಷ್ಟೇ ಆಳವುಳ್ಳ ಪುಟ್ಟ ಕೊಳ. ತಳದಿಂದ ಹೂಳು ಏರುತ್ತ, ದಡದಿಂದ ಸಸ್ಯಗಳು ಮುತ್ತುತ್ತ, ಜೌಗಾಗಿ ಮುಗಿಯಲಿರುವ ಮುದಿ ಸರೋವರ ಅದು. ಆದರೆ ಚಿಕ್ಕದಾದುದರಿಂದಲೇ ಅದರ ಬಾಳನ್ನು ಆಮೂಲಾಗ್ರವಾಗಿ ಅಳೆಯುವುದು ಸಾಧ್ಯವಾಯಿತು.

ಐದು ವರ್ಷಗಳ ಕಾಲ ಆತನು ಅಲ್ಲಿ ದುಡಿದನು. ಈ ಶ್ರಮದಲ್ಲಿ ಪತ್ನಿ ಎಲಿನರ್ ಆತನ ಸಹಭಾಗಿನಿ. ಬೇಸಗೆಯಲ್ಲಿ ದೋಣಿಯಿಂದ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಮಂಜನ್ನು ಕೊರೆದು, ನೀರಿನ ಪಾಚಿ, ಜಲಸಸ್ಯ, ಸೂಕ್ಷ್ಮ ಪ್ರಾಣಿಗಳು, ಕೆಸರಿನ ಹುಳುಗಳು ಎಲ್ಲವನ್ನೂ ಸಂಗ್ರಹಿಸಿ ಎಣಿಸಿ ತೂಗಿದರು.

ಯಾವ ಜೀವಿ ಯಾವುದನ್ನು ತಿನ್ನುತ್ತದೆಂಬುದನ್ನು ಬರೆದಿಟ್ಟವರು ಮೊದಲೂ ಇದ್ದರು. ಮೇಲಿನ ಹಂತಗಳಲ್ಲಿ ಪ್ರಾಣಿಗಳ ಸಂಖ್ಯೆ ಇಳಿಯುತ್ತ ಹೋಗುವುದನ್ನು ಇಂಗ್ಲೆಂಡಿನ ಎಲ್ಟನ್ 1927ರಲ್ಲಿ ತೋರಿಸಿದ್ದನು. ಜೀವಿಗಳನ್ನೂ ಅವುಗಳ ನೆಲ, ಜಲ, ಗಾಳಿಗಳನ್ನೂ ಒಂದೇ ವ್ಯವಸ್ಥೆಯೆಂದು ಟ್ಯಾನ್ಸ್ಲಿ 1935ರಲ್ಲಿ ಹೆಸರಿಸಿದ್ದನು. ಲಿಂಡೆಮನ್ ಎಲ್ಲವನ್ನೂ ಕ್ಯಾಲೊರಿಯ ಒಂದೇ ಅಳತೆಗೆ ತಂದು, ಎಷ್ಟು ಬಂತು, ಎಷ್ಟು ದಾಟಿತು ಎಂದು ಕೇಳಿದನು.

ಲೆಕ್ಕ ಬೆರಗುಗೊಳಿಸುವಂತಿತ್ತು. ಒಂದು ಚದರ ಸೆಂಟಿಮೀಟರಿನ ಮೇಲೆ ವರ್ಷಕ್ಕೆ 1,18,872 ಕ್ಯಾಲೊರಿಯಷ್ಟು ಬಿಸಿಲು ಬಿದ್ದರೆ, ಸಸ್ಯಗಳು ಹಿಡಿದುದು ಸುಮಾರು 111, ಸಸ್ಯಾಹಾರಿಗಳಿಗೆ ಸಂದುದು 15, ಮಾಂಸಾಹಾರಿಗಳಿಗೆ 3. ಪ್ರತಿ ಜೀವಿಯೂ ಉಸಿರಾಡಿ ವೆಚ್ಚ ಮಾಡಿದ ಶಕ್ತಿ ಶಾಖವಾಗಿ ಹೊರಟುಹೋಗುತ್ತದೆ, ಮರಳಿ ಬಾರದು. ದ್ರವ್ಯದ ದಾರಿ ಬೇರೆ. ಸತ್ತದ್ದೆಲ್ಲ ತಳದ ಕೆಸರಿಗೆ ಇಳಿಯುತ್ತದೆ. ಬ್ಯಾಕ್ಟೀರಿಯಗಳು ಅದನ್ನು ಕೊಳೆಯಿಸುತ್ತವೆ. ಲವಣಗಳು ಮತ್ತೆ ಸಸ್ಯವನ್ನು ಸೇರುತ್ತವೆ. ಲಿಂಡೆಮನ್ ಬರೆದ ಚಿತ್ರದ ನಡುವೆ ನಿಂತದ್ದು ಮೀನಲ್ಲ, ಕೆಸರು. ಶಕ್ತಿ ದಾರಿಹೋಕ, ದ್ರವ್ಯ ಮನೆಯವನು.

1941ರಲ್ಲಿ ಆತನು ಯೇಲ್ ವಿಶ್ವವಿದ್ಯಾನಿಲಯಕ್ಕೆ, ಹಚಿನ್ಸನ್ ಎಂಬ ವಿದ್ವಾಂಸನ ಬಳಿಗೆ ಹೋದನು. ಅಲ್ಲಿ ಪ್ರಬಂಧವನ್ನು ತಿದ್ದಿ ‘ಇಕಾಲಜಿ’ ಪತ್ರಿಕೆಗೆ ಕಳುಹಿಸಿದನು. ಸರೋವರ ವಿಜ್ಞಾನದ ಇಬ್ಬರು ಹಿರಿಯರು ಅದನ್ನು ನಿರಾಕರಿಸಲು ಸಲಹೆಯಿತ್ತರು: ಸಿದ್ಧಾಂತ ಅತಿಯಾಯಿತು, ಆಧಾರ ಸಾಲದು ಎಂಬುದು ಅವರ ಆಕ್ಷೇಪ. ಹಚಿನ್ಸನ್ ಶಿಷ್ಯನ ಪರವಾಗಿ ಸಂಪಾದಕನಿಗೆ ಬರೆದನು. ಸಂಪಾದಕ ಥಾಮಸ್ ಪಾರ್ಕ್ ಹಿರಿಯರ ಮಾತನ್ನು ಮೀರಿ 1942ರಲ್ಲಿ ಪ್ರಬಂಧವನ್ನು ಸ್ವೀಕರಿಸಿದನು. ಆ ವೇಳೆಗೆ ಯಕೃತ್ತಿನ ವ್ಯಾಧಿ ಲಿಂಡೆಮನ್‌ನನ್ನು ಹಿಡಿದಿತ್ತು. ಅದೇ ವರ್ಷ ಜೂನ್ 29ರಂದು ಆತನು ತೀರಿಕೊಂಡನು. ಅಕ್ಟೋಬರಿನಲ್ಲಿ ಪ್ರಬಂಧ ಪ್ರಕಟವಾಯಿತು. ಕೊನೆಯಲ್ಲಿ ಗುರುವಿನ ಶ್ರದ್ಧಾಂಜಲಿಯ ಟಿಪ್ಪಣಿಯಿತ್ತು.

ಹಿರಿಯರ ಆಕ್ಷೇಪ ಪೂರ್ತಿ ಹುಸಿಯೆನ್ನಲಾಗದು. ಒಂದು ಕೊಳದ ಲೆಕ್ಕ ಜಗತ್ತಿನ ಲೆಕ್ಕವಾಗದು. ಸೀಡರ್ ಬಾಗಿನಲ್ಲಿಯೇ ಸಸ್ಯದಿಂದ ಸಸ್ಯಾಹಾರಿಗೆ ದಾಟಿದ ಪಾಲು ಶೇಕಡಾ 13. ಅದರಾಚೆಯ ಹಂತದಲ್ಲಿ 20ಕ್ಕೂ ಹೆಚ್ಚು. ಹತ್ತು ಎಂಬುದು ಬಳಿಕ ಬಳಕೆಗೆ ಬಂದ ಸ್ಥೂಲ ಅಂದಾಜು. ಆದುದರಿಂದ ವಿದ್ಯಾರ್ಥಿಯು ಲಿಂಡೆಮನ್‌ನಿಂದ ಪಡೆಯಬೇಕಾದುದು ಒಂದು ಅಂಕಿಯನ್ನಲ್ಲ, ಒಂದು ಪ್ರಶ್ನೆಯನ್ನು. ಕಾಡಾಗಲಿ, ಕಡಲಾಗಲಿ, ಹೊಲವಾಗಲಿ, ಅಲ್ಲಿ ಬಂದ ಬಿಸಿಲು ಏನಾಯಿತೆಂದು ಕೇಳುವ ಪ್ರತಿಯೊಬ್ಬನೂ ಆ ಅಲ್ಪಾಯುವಿನ ಕೆಲಸವನ್ನು ಮುಂದುವರಿಸುತ್ತಿದ್ದಾನೆ. ಸೀಡರ್ ಕ್ರೀಕ್ ಇಂದು ವಿಶ್ವವಿದ್ಯಾನಿಲಯದ ಸಂಶೋಧನಾ ಕ್ಷೇತ್ರ. ಅಲ್ಲಿ ಅಳತೆ ಇನ್ನೂ ನಿಂತಿಲ್ಲ.